ಆಸ್ಪತ್ರೆ ಲ್ಯಾಬ್‌ಗೆ ಹೊಸದಾಗಿ ಸೇರುವವರಿಗೆ: ಟ್ಯೂಬಿನಿಂದ ರಿಪೋರ್ಟ್‌ವರೆಗೆ

"ಡಿಎಂಎಲ್‌ಟಿ ಮುಗೀತು ಸರ್, ಮುಂದಿನ ವಾರ ಆಸ್ಪತ್ರೆಗೆ ಸೇರ್ತಿದ್ದೀನಿ. ಯಾವ ಮೆಷಿನ್ ಕಲಿತುಕೊಂಡು ಹೋಗಲಿ?" ವರ್ಷಪೂರ್ತಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೆಷಿನ್ ಆಮೇಲೆ ಕಲಿಯಿರಿ. ಅದನ್ನು ಕಂಪನಿಯವರೇ ಬಂದು ಹೇಳಿಕೊಡುತ್ತಾರೆ. ಟ್ಯೂಬ್ ಇಟ್ಟರೆ ಮೆಷಿನ್ ಏನೋ ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಬೇರೆ ರೋಗಿಯ ರಕ್ತವಾದರೂ ಕೊಡುತ್ತದೆ, ಡ್ರಿಪ್ ನೀರು ಬೆರೆತಿದ್ದರೂ ಕೊಡುತ್ತದೆ. ಆ ಸಂಖ್ಯೆಯನ್ನು ನಂಬಬಹುದೋ ಬೇಡವೋ ಎಂದು ನೋಡುವವರು ನೀವು. ಲ್ಯಾಬ್ ತಪ್ಪುಗಳಲ್ಲಿ ದೊಡ್ಡ ಪಾಲು ಸ್ಯಾಂಪಲ್ ಮೆಷಿನ್ ಮುಟ್ಟುವ ಮೊದಲೇ ಆಗಿಹೋಗಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಟ್ಯೂಬಿಗೆ ಜಾಸ್ತಿ ಜಾಗ, ಮೆಷಿನ್‌ಗೆ ಕಡಿಮೆ.

ಸೇರುವ ಮುಂಚೆ ಏನೇನು ಬೇಕು

ಓದಿನ ವಿಷಯ ಮೊದಲು. ಕರ್ನಾಟಕದಲ್ಲಿ ಡಿಎಂಎಲ್‌ಟಿ, ಅಂದರೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ, ನಡೆಯುವುದು ರಾಜ್ಯದ ಅರೆವೈದ್ಯಕೀಯ ಮಂಡಳಿಯ ಅಡಿಯಲ್ಲಿ. ಜನ ಇದನ್ನು ಪ್ಯಾರಾಮೆಡಿಕಲ್ ಬೋರ್ಡ್ ಅನ್ನುತ್ತಾರೆ. ಬಿಎಸ್ಸಿ ಎಂಎಲ್‌ಟಿ ಪದವಿಯನ್ನು ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಕೊಡಿಸುತ್ತವೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಲ್ಯಾಬ್ ವೃತ್ತಿಯೂ ಅದರೊಳಗೆ ಬರುತ್ತದೆ. ಹಾಗಾಗಿ ಇನ್ನು ಮುಂದೆ ನೋಂದಣಿ, ಪಠ್ಯಕ್ರಮ ಎಲ್ಲದಕ್ಕೂ ಬೆಲೆ ಜಾಸ್ತಿ.

ಎಚ್ಚರಿಕೆ: "ಆರು ತಿಂಗಳಲ್ಲಿ ಲ್ಯಾಬ್ ಟೆಕ್ನೀಷಿಯನ್", "ಮನೆಯಲ್ಲೇ ಕೂತು ಡಿಎಂಎಲ್‌ಟಿ" ಎಂಬ ಬೋರ್ಡುಗಳನ್ನು ನೋಡಿ ದುಡ್ಡು ಕಟ್ಟಬೇಡಿ. ಸಣ್ಣ ಕ್ಲಿನಿಕ್‌ನಲ್ಲಿ ಕೆಲಸ ಸಿಕ್ಕೀತು. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಆ ಸರ್ಟಿಫಿಕೇಟ್ ನಡೆಯುವುದಿಲ್ಲ. ಕಾಲೇಜು ಸೇರುವ ಮುಂಚೆಯೇ ಮಾನ್ಯತೆ ಪತ್ರ ತೋರಿಸಿ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಎರಡನೆಯದು ಹೆಪಟೈಟಿಸ್ ಬಿ ಲಸಿಕೆ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ ಪರೀಕ್ಷೆ ಮಾಡಿಸಿ. ದೇಹದಲ್ಲಿ ರಕ್ಷಣೆ ಬಂದಿದೆಯೇ ಎಂದು ಹೇಳುವ ಪರೀಕ್ಷೆ ಇದು. 10ಕ್ಕಿಂತ ಮೇಲಿದ್ದರೆ ಸರಿ. ಸುಮಾರು ಜನ ಒಂದು ಡೋಸ್ ತಗೊಂಡು ಉಳಿದೆರಡನ್ನು ಮರೆಯುತ್ತಾರೆ. ಲ್ಯಾಬಿಗೆ ಬರುವ ಮುಂಚೆಯೇ ಶುರು ಮಾಡಿ.

ಉಳಿದಂತೆ ಮುಂದೆ ಮುಚ್ಚಿದ ಶೂ, ಉದ್ದ ತೋಳಿನ ಕೋಟು, ಅಳಿಸದ ಮಾರ್ಕರ್ ಪೆನ್ನು, ಒಂದು ಸಣ್ಣ ನೋಟ್‌ಬುಕ್. ಇಷ್ಟು ಸಾಕು.

ಹಂತ 1: ನಿಮ್ಮ ಲ್ಯಾಬ್ ಯಾವ ಥರದ್ದು ಎಂದು ತಿಳಿಯಿರಿ

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು, ಮೂತ್ರ ನೋಡುವುದು, ಮಲೇರಿಯಾ ಸ್ಲೈಡ್, ಕಫ ಪರೀಕ್ಷೆ ಎಲ್ಲ ಒಂದಿಬ್ಬರ ತಲೆ ಮೇಲೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ವಿಭಾಗ ವಿಭಾಗ ಬೇರೆ. ರಕ್ತಕಣಗಳನ್ನು ನೋಡುವುದು ಹೆಮಟಾಲಜಿ. ಸಕ್ಕರೆ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ ಬಯೋಕೆಮಿಸ್ಟ್ರಿ. ಮೂತ್ರ, ಮಲ ಕ್ಲಿನಿಕಲ್ ಪೆಥಾಲಜಿ. ರೋಗಾಣು ಬೆಳೆಸಿ ನೋಡುವುದು ಮೈಕ್ರೋಬಯಾಲಜಿ. ರಕ್ತನಿಧಿ ಬೇರೆಯೇ ಲೋಕ.

ಎಲ್ಲಿ ಸೇರಬೇಕು ಅಂತ ಕೇಳುವವರಿಗೆ ನನ್ನ ಸಲಹೆ: ಮೊದಲ ಎರಡು ವರ್ಷ ಎಲ್ಲ ಬೆಂಚಿಗೂ ಹಾಕುವ ಮಧ್ಯಮ ಗಾತ್ರದ ಆಸ್ಪತ್ರೆ ನೋಡಿ. ದೊಡ್ಡ ಕಡೆ ಒಂದೇ ಮೆಷಿನ್ ಮುಂದೆ ವರ್ಷಗಟ್ಟಲೆ ಕೂತು, ಸ್ಮಿಯರ್ ಓದುವುದನ್ನೇ ಮರೆತವರಿದ್ದಾರೆ. ಸ್ಮಿಯರ್ ಅಂದರೆ ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಎಳೆದ ರಕ್ತದ ಪದರ.

ಹಂತ 2: ರಕ್ತ ತೆಗೆಯುವುದು

ಇಲ್ಲಿ ನಿಧಾನ ಮಾಡೋಣ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಹೆಸರು ಕೇಳುವ ರೀತಿಯೇ ಬೇರೆ. "ನೀವು ಮಂಜುನಾಥ ಅಲ್ವಾ?" ಅಂತ ಕೇಳಬೇಡಿ. ಜ್ವರದಲ್ಲಿ, ನಿದ್ದೆಗಣ್ಣಿನಲ್ಲಿ ಇರುವವರು ಯಾವ ಹೆಸರಿಗೂ "ಹೂಂ" ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳಿ" ಅನ್ನಿ. ಜೊತೆಗೆ ಆಸ್ಪತ್ರೆ ನಂಬರ್ ನೋಡಿ. ಕನಿಷ್ಠ ಎರಡು ಗುರುತು ತಾಳೆಯಾಗಬೇಕು. ಬೆಡ್ ನಂಬರ್ ಗುರುತಲ್ಲ. ರಾತ್ರೋರಾತ್ರಿ ರೋಗಿಯನ್ನು ಬೇರೆ ಬೆಡ್‌ಗೆ ಹಾಕಿರುತ್ತಾರೆ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಸಾಮಾನ್ಯ.

ಟೂರ್ನಿಕೆಟ್, ಅಂದರೆ ತೋಳಿಗೆ ಕಟ್ಟುವ ಪಟ್ಟಿ, ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿಯಾಗಿರಬಾರದು. ನರ ಸಿಗಲಿಲ್ಲ ಅಂದರೆ ಬಿಚ್ಚಿ, ಸ್ವಲ್ಪ ಬಿಟ್ಟು ಮತ್ತೆ ಕಟ್ಟಿ. ಮುಷ್ಟಿಯನ್ನು ಮುಚ್ಚಿ ತೆಗೆದು ಮಾಡಿಸುವ ಅಭ್ಯಾಸವನ್ನೂ ಬಿಡಿ. ಅದರಿಂದ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಒಣಗಲು ಬಿಡಿ. ಒದ್ದೆ ಇದ್ದಾಗಲೇ ಚುಚ್ಚಿದರೆ ರೋಗಿಗೆ ಉರಿ, ಸ್ಯಾಂಪಲ್‌ನಲ್ಲಿ ಕೆಂಪು ಕಣ ಒಡೆಯುವ ಅಪಾಯ.

ಡ್ರಿಪ್ ಹಾಕಿರುವ ಕೈಯಿಂದ ರಕ್ತ ತೆಗೆಯಬೇಡಿ. ಇನ್ನೊಂದು ಕೈ ನೋಡಿ. ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ನೀರು, ಹೋಗುತ್ತಿರುವ ಕೈಯ ಸ್ಯಾಂಪಲ್‌ನಲ್ಲಿ ಸಕ್ಕರೆ 600 ಬರಬಹುದು. ಅದನ್ನು ನಂಬಿ ಯಾರಾದರೂ ಇನ್ಸುಲಿನ್ ಕೊಟ್ಟರೆ? ಯೋಚನೆ ಮಾಡಿ.

ಈಗ ಟ್ಯೂಬ್‌ಗಳು. ಮುಚ್ಚಳದ ಬಣ್ಣಕ್ಕೆ ತಕ್ಕ ಹಾಗೆ ಒಳಗಿನ ರಾಸಾಯನಿಕ ಬೇರೆ ಬೇರೆ. ಹಾಗಾಗಿ ತುಂಬುವ ಕ್ರಮವೂ ಮುಖ್ಯ:

1. ಬ್ಲಡ್ ಕಲ್ಚರ್ ಬಾಟಲಿ. ರೋಗಾಣು ಬೆಳೆಸಲು. ಚೊಕ್ಕಟವಾಗಿರಬೇಕಾದ್ದರಿಂದ ಮೊದಲು.
2. ನೀಲಿ ಮುಚ್ಚಳ, ಸಿಟ್ರೇಟ್. ಪಿಟಿ, ಎಪಿಟಿಟಿಯಂಥ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳಿಗೆ.
3. ಕೆಂಪು ಅಥವಾ ಹಳದಿ ಮುಚ್ಚಳ. ರಕ್ತ ಹೆಪ್ಪುಗಟ್ಟಿ ಸೀರಂ, ಅಂದರೆ ತಿಳಿ ದ್ರವ, ಬಿಡುವ ಟ್ಯೂಬ್. ಲಿವರ್, ಕಿಡ್ನಿ, ಥೈರಾಯ್ಡ್ ಪರೀಕ್ಷೆಗೆ.
4. ಹಸಿರು ಮುಚ್ಚಳ, ಹೆಪಾರಿನ್.
5. ನೇರಳೆ ಮುಚ್ಚಳ, ಇಡಿಟಿಎ. ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ.
6. ಬೂದು ಮುಚ್ಚಳ, ಫ್ಲೋರೈಡ್. ಸಕ್ಕರೆ ಪರೀಕ್ಷೆಗೆ.

ಈ ಕ್ರಮ ಯಾಕೆ? ಇಡಿಟಿಎ ಟ್ಯೂಬಿನಲ್ಲಿರುವುದು ಪೊಟ್ಯಾಸಿಯಂನ ಲವಣ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ನೇರಳೆ ಟ್ಯೂಬಿನ ಒಂದು ಹನಿ ಕೆಂಪು ಟ್ಯೂಬಿಗೆ ಹೋದರೂ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಈ ಎರಡೂ ಒಟ್ಟಿಗೆ ಕಂಡರೆ ರೋಗಿಗಿಂತ ಮೊದಲು ಟ್ಯೂಬನ್ನು ಅನುಮಾನಿಸಿ. "ನೇರಳೆಯಲ್ಲಿ ಜಾಸ್ತಿ ಬಂತು, ಸ್ವಲ್ಪ ಕೆಂಪಿಗೆ ಸುರಿದೆ" ಅನ್ನುವವರನ್ನು ನೋಡಿದ್ದೇನೆ. ಹಾಗೆ ಯಾವತ್ತೂ ಮಾಡಬೇಡಿ.

ನೀಲಿ ಟ್ಯೂಬಿನಲ್ಲಿ ಗೆರೆಯವರೆಗೆ ರಕ್ತ ತುಂಬಲೇಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕದಲ್ಲಿ ಅದನ್ನು ಮಾಡಿರುತ್ತಾರೆ. ಕಡಿಮೆ ತುಂಬಿದರೆ ಪಿಟಿ ಸಮಯ ಸುಮ್ನೆ ಉದ್ದ ಬರುತ್ತದೆ. ನಾಳೆ ಆಪರೇಷನ್ ಇದ್ದವರ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ರಕ್ತ ತುಂಬಿದ ತಕ್ಷಣ ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ. ನೇರಳೆಗೆ ಎಂಟು ಹತ್ತು ಸಲ, ನೀಲಿಗೆ ಮೂರು ನಾಲ್ಕು ಸಲ. ಕುಲುಕಬೇಡಿ. ಸಿರಿಂಜಿನಿಂದ ತೆಗೆದಿದ್ದರೆ ಪಿಸ್ಟನ್ ಒತ್ತಿ ರಭಸದಿಂದ ಟ್ಯೂಬಿಗೆ ಬಿಡಬೇಡಿ. ಕಣಗಳು ಒಡೆಯುತ್ತವೆ.

ಕೊನೆಗೆ ಲೇಬಲ್. ರಕ್ತ ತೆಗೆದ ಮೇಲೆ, ರೋಗಿಯ ಪಕ್ಕದಲ್ಲೇ ಅಂಟಿಸಿ. ಖಾಲಿ ಟ್ಯೂಬ್‌ಗಳಿಗೆ ಮೊದಲೇ ಹೆಸರು ಬರೆದು ಟ್ರೇನಲ್ಲಿಟ್ಟು ವಾರ್ಡ್ ಸುತ್ತುವುದು ಬೇಗ ಅನ್ನಿಸಬಹುದು. ಹೆಸರು ಅದಲುಬದಲಾಗುವುದು ಅಲ್ಲೇ.

ಹಂತ 3: ಸ್ಯಾಂಪಲ್ ತಗೊಳ್ಳುವುದು, ವಾಪಸ್ ಕಳಿಸುವುದು

ವಾರ್ಡಿನಿಂದ ಬಂದ ಟ್ಯೂಬಿನ ಹೆಸರು, ನಂಬರ್, ಫಾರ್ಮ್ ಮೂರೂ ಒಂದೇ ಹೇಳುತ್ತಿವೆಯಾ ನೋಡಿ. ನೇರಳೆ ಟ್ಯೂಬನ್ನು ಓರೆ ಮಾಡಿ, ಗಂಟು ಗಂಟಾಗಿ ಹೆಪ್ಪುಗಟ್ಟಿದೆಯಾ ನೋಡಿ. ಹೆಪ್ಪು ಕಂಡರೆ ಸಿಬಿಸಿ ಮಾಡುವಂತಿಲ್ಲ. ಕಡ್ಡಿಯಿಂದ ಹೆಪ್ಪು ತೆಗೆದು ಉಳಿದದ್ದನ್ನು ಓಡಿಸುವವರು ಈಗಲೂ ಇದ್ದಾರೆ. ಪ್ಲೇಟ್‌ಲೆಟ್ ಎಲ್ಲ ಆ ಹೆಪ್ಪಿನಲ್ಲೇ ಸಿಕ್ಕಿಕೊಂಡಿರುತ್ತದೆ. ಮೆಷಿನ್ ತೋರಿಸುವ ಕಡಿಮೆ ಎಣಿಕೆ ರೋಗಿಯದ್ದಲ್ಲ.

ಹೆಸರಿಲ್ಲದ ಟ್ಯೂಬನ್ನು ತಗೊಳ್ಳಬೇಡಿ. "ಅದು ಅವರದ್ದೇ, ನೀವೇ ಬರ್ಕೊಳ್ಳಿ" ಅಂತ ಫೋನಿನಲ್ಲಿ ಹೇಳಿದರೂ ಬರೆದುಕೊಳ್ಳಬೇಡಿ. ಬೆನ್ನುಹುರಿಯ ನೀರಿನಂಥ ಮತ್ತೆ ತೆಗೆಯಲಾಗದ ಸ್ಯಾಂಪಲ್ ಆದರೆ ಮಾತ್ರ ಬೇರೆ ದಾರಿ: ತೆಗೆದವರೇ ಲ್ಯಾಬಿಗೆ ಬಂದು ಗುರುತಿಸಿ ಸಹಿ ಹಾಕಲಿ, ಆ ವಿಷಯ ರಿಪೋರ್ಟ್‌ನಲ್ಲೂ ಬರಲಿ.

ಹೊಸಬರಿಗೆ ಕಷ್ಟ ಆಗುವುದು ಸ್ಯಾಂಪಲ್ ಸರಿಯಿಲ್ಲ ಅಂತ ವಾರ್ಡಿಗೆ ಫೋನ್ ಮಾಡುವುದೇ. ವಾರ್ಡಿನಲ್ಲಿ ಸಿಸ್ಟರ್‌ಗೆ ಹತ್ತು ಕೆಲಸ. ಅವರಿಗೂ ಸಿಟ್ಟು ಬರುತ್ತದೆ. ತಪ್ಪು ಯಾರದು ಎಂಬ ಮಾತು ತೆಗೆಯಬೇಡಿ. "ಸಿಸ್ಟರ್, ಲ್ಯಾಬಿನಿಂದ ಮಾತಾಡ್ತಿದ್ದೀನಿ. ಶಾರದಮ್ಮ ಅವರ ನೇರಳೆ ಟ್ಯೂಬ್ ಕ್ಲಾಟ್ ಆಗಿದೆ. ಪ್ಲೇಟ್‌ಲೆಟ್ ಸರಿ ಬರಲ್ಲ. ಇನ್ನೊಂದು ಕಳಿಸ್ತೀರಾ, ಬಂದ ಕೂಡಲೇ ಮಾಡಿಕೊಡ್ತೀನಿ." ಇಷ್ಟೇ. ಕಾರಣ ಹೇಳಿ, ಬೇಗ ಮಾಡಿಕೊಡುವ ಮಾತು ಕೊಡಿ, ಮಾತು ಉಳಿಸಿಕೊಳ್ಳಿ. ಆಮೇಲೆ ರಿಜೆಕ್ಷನ್ ರಿಜಿಸ್ಟರ್‌ನಲ್ಲಿ ಸಮಯ, ಕಾರಣ, ಯಾರಿಗೆ ಹೇಳಿದಿರಿ ಎಂದು ಬರೆಯಿರಿ. "ಲ್ಯಾಬಿನವರು ಹೇಳಲೇ ಇಲ್ಲ" ಎಂಬ ದೂರು ಬಂದಾಗ ನಿಮ್ಮ ಕಡೆ ನಿಲ್ಲುವುದು ಆ ಪುಸ್ತಕ ಒಂದೇ.

ಹಂತ 4: ಸೆಂಟ್ರಿಫ್ಯೂಜ್

ಕೆಂಪು ಟ್ಯೂಬನ್ನು ಅರ್ಧ ಗಂಟೆ ನಿಲ್ಲಿಸಿ, ಪೂರ್ತಿ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ, ಅಂದರೆ ಟ್ಯೂಬನ್ನು ವೇಗವಾಗಿ ತಿರುಗಿಸಿ ಸೀರಂ ಬೇರ್ಪಡಿಸುವ ಯಂತ್ರದಲ್ಲಿ, ತಿರುಗಿಸಿ. ಅವಸರ ಮಾಡಿದರೆ ಸೀರಂನಲ್ಲಿ ಎಳೆ ಎಳೆಯಾಗಿ ಫೈಬ್ರಿನ್ ಉಳಿದು ಮೆಷಿನ್‌ನ ಸೂಜಿ ಕಟ್ಟಿಕೊಳ್ಳುತ್ತದೆ. ಎದುರುಬದುರು ಸಮ ತೂಕದ ಟ್ಯೂಬ್ ಇಡಿ. ಪೂರ್ತಿ ನಿಂತ ಮೇಲೇ ಮುಚ್ಚಳ ತೆಗೆಯಿರಿ.

ಸೀರಂ ಬೇರ್ಪಡಿಸದ ರಕ್ತವನ್ನು "ಕೆಡದಿರಲಿ" ಅಂತ ಫ್ರಿಜ್‌ನಲ್ಲಿಡುವುದು ದೊಡ್ಡ ತಪ್ಪು. ತಂಪಿಗೆ ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಸಕ್ಕರೆಯದು ಇನ್ನೊಂದು ಕಥೆ. ಫ್ಲೋರೈಡ್ ಇಲ್ಲದ ಟ್ಯೂಬನ್ನು ಹಾಗೇ ಬಿಟ್ಟರೆ ರಕ್ತಕಣಗಳೇ ಸಕ್ಕರೆ ತಿನ್ನುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಹಳ್ಳಿಯ ಕಲೆಕ್ಷನ್ ಸೆಂಟರ್‌ನಿಂದ ಮಧ್ಯಾಹ್ನ ಬಸ್ಸಿಗೆ ಬರುವ ಸ್ಯಾಂಪಲ್‌ಗಳಲ್ಲಿ ಇದನ್ನು ಗಮನಿಸಿ.

ಹಂತ 5: ಕಂಟ್ರೋಲ್ ಓಡಿಸದೆ ರೋಗಿಯ ಸ್ಯಾಂಪಲ್ ಮುಟ್ಟಬೇಡಿ

ಬೆಳಿಗ್ಗೆ ಮೊದಲ ಕೆಲಸ ಕ್ಯೂಸಿ, ಅಂದರೆ ಗುಣಮಟ್ಟದ ತಪಾಸಣೆ. ಉತ್ತರ ಮೊದಲೇ ಗೊತ್ತಿರುವ ಒಂದು ದ್ರವವನ್ನು ಮೆಷಿನ್‌ಗೆ ಕೊಟ್ಟು, ಅದೇ ಉತ್ತರ ಬರುತ್ತದೆಯಾ ನೋಡುವುದು. ಸಾಮಾನ್ಯವಾಗಿ ಎರಡು ಮಟ್ಟ: ಒಂದು ನಾರ್ಮಲ್, ಒಂದು ಅಬ್‌ನಾರ್ಮಲ್. ಬಂದ ಸಂಖ್ಯೆಯನ್ನು ಲೆವಿ ಜೆನ್ನಿಂಗ್ಸ್ ಚಾರ್ಟ್ ಎಂಬ ಗ್ರಾಫಿನಲ್ಲಿ ಗುರುತಿಸುತ್ತಾರೆ. ನಡುವಿನ ಗೆರೆ ಸರಾಸರಿ. ಮೇಲೆ ಕೆಳಗೆ 1, 2, 3 ಎಸ್‌ಡಿ ಗೆರೆಗಳು. ಎಸ್‌ಡಿ ಅಂದರೆ ಸರಾಸರಿಯಿಂದ ಎಷ್ಟು ಆಚೀಚೆ ಹೋಗುವುದು ಸಹಜ ಎಂಬ ಅಳತೆ.

3 ಎಸ್‌ಡಿ ದಾಟಿದರೆ ನಿಲ್ಲಿಸಿ. ಎರಡು ಸಲ ಬೆನ್ನುಬೆನ್ನಿಗೆ ಒಂದೇ ಕಡೆ 2 ಎಸ್‌ಡಿ ದಾಟಿದರೂ ನಿಲ್ಲಿಸಿ. ಒಂದೇ ಸಲ 2 ದಾಟಿದರೆ ಅದು ಎಚ್ಚರಿಕೆ; ಸುಮಾರು ಇಪ್ಪತ್ತು ಸಲಕ್ಕೊಮ್ಮೆ ಏನೂ ತಪ್ಪಿಲ್ಲದೆಯೂ ಹಾಗಾಗುತ್ತದೆ. ಇವಕ್ಕೆ ವೆಸ್ಟ್‌ಗಾರ್ಡ್ ನಿಯಮಗಳು ಅಂತ ಹೆಸರು. ಇನ್ನೂ ಕೆಲವಿವೆ, ನಿಮ್ಮ ಲ್ಯಾಬ್ ಯಾವುದನ್ನು ಬಳಸುತ್ತದೆ ಕೇಳಿ.

ಎಲ್ಲ ಕಡೆ ಕಾಣುವ ಕೆಟ್ಟ ಅಭ್ಯಾಸ ಒಂದಿದೆ. ಕಂಟ್ರೋಲ್ ಹೊರಗೆ ಬಂತು ಅಂದರೆ ಒಳಗೆ ಬರುವವರೆಗೂ ಅದನ್ನೇ ಮತ್ತೆ ಮತ್ತೆ ಓಡಿಸುವುದು. ಐದನೇ ಸಲಕ್ಕೆ ಒಳಗೆ ಬಂದೇ ಬರುತ್ತದೆ. ಮೆಷಿನ್ ಸರಿಯಾಗಿರುವುದಿಲ್ಲ, ಅಷ್ಟೇ. ಕಾರಣ ಹುಡುಕಿ: ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಹಳೆಯದಾ, ಹೊಸ ಲಾಟ್ ಹಾಕಿದ್ದೀರಾ, ಕಂಟ್ರೋಲ್ ಸೀಸೆಯನ್ನು ಕರಗಿಸುವಾಗ ನೀರಿನ ಅಳತೆ ತಪ್ಪಿತಾ, ಕ್ಯಾಲಿಬ್ರೇಷನ್ ಯಾವಾಗ ಆಗಿತ್ತು. ಹುಡುಕಿದ್ದನ್ನು ಬರೆದಿಡಿ.

ಹೊರಗಿನವರು ನಮ್ಮನ್ನು ಪರೀಕ್ಷಿಸುವ ವ್ಯವಸ್ಥೆಯೂ ಇದೆ. ವೆಲ್ಲೂರಿನ ಸಿಎಂಸಿಯಂಥ ಸಂಸ್ಥೆಗಳು ಉತ್ತರ ಹೇಳದೆ ಸ್ಯಾಂಪಲ್ ಕಳಿಸುತ್ತವೆ. ನಮ್ಮ ಉತ್ತರವನ್ನು ಉಳಿದ ಲ್ಯಾಬ್‌ಗಳ ಜೊತೆ ಹೋಲಿಸುತ್ತವೆ. ಪಕ್ಕದ ಲ್ಯಾಬಿಗೆ ಫೋನ್ ಮಾಡಿ "ನಿಮ್ಗೆಷ್ಟು ಬಂತು?" ಅಂತ ಕೇಳಿ ಬರೆಯುವುದರಿಂದ ಏನೂ ಪ್ರಯೋಜನ ಇಲ್ಲ. ಎನ್‌ಎಬಿಎಲ್, ಅಂದರೆ ಲ್ಯಾಬ್‌ಗಳ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಮಾನ್ಯತೆ ಇರುವ ಲ್ಯಾಬ್‌ಗಳಲ್ಲಿ ಇದೆಲ್ಲ ಕಡ್ಡಾಯ. ಅಲ್ಲಿ ಐಎಸ್‌ಒ 15189 ಎಂಬ ಮಾನದಂಡದ ಪ್ರಕಾರ ಕೆಲಸ.

ಹಂತ 6: ಸಂಖ್ಯೆಯನ್ನು ಓದುವುದು

ರಿಪೋರ್ಟ್ ಬಿಡುವ ಮುಂಚೆ ಕೆಲವು ಪ್ರಶ್ನೆ ಕೇಳಿಕೊಳ್ಳಿ.

ಹಿಮೋಗ್ಲೋಬಿನ್ ಅನ್ನು ಮೂರರಿಂದ ಗುಣಿಸಿದರೆ ಪಿಸಿವಿ ಹತ್ತಿರ ಹತ್ತಿರ ಬರಬೇಕು. ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. 12 ಇದ್ದರೆ 36ರ ಆಸುಪಾಸು. 12ಕ್ಕೆ 29 ಬಂದಿದೆಯಾ? ಪ್ಲಾಸ್ಮಾ ಹಾಲಿನಂತೆ ಬೆಳ್ಳಗಿದೆಯಾ ನೋಡಿ. ಕೊಬ್ಬು ಜಾಸ್ತಿ ಇದ್ದರೆ ಹಿಮೋಗ್ಲೋಬಿನ್ ಸುಳ್ಳೇ ಏರುತ್ತದೆ. ಎಂಸಿಎಚ್‌ಸಿ, ಅಂದರೆ ಕೆಂಪು ಕಣಗಳೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ, 37 ದಾಟಿದ್ದು, ಕೆಂಪು ಕಣದ ಎಣಿಕೆ ತೀರಾ ಕಡಿಮೆ ಇದ್ದರೆ ಕಣಗಳು ತಂಪಿಗೆ ಅಂಟಿಕೊಂಡಿರಬಹುದು. ಟ್ಯೂಬನ್ನು 37 ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಓಡಿಸಿ. ಮೂರರಿಂದ ಗುಣಿಸುವ ಲೆಕ್ಕ ಸಾಮಾನ್ಯ ಗಾತ್ರದ ಕಣಗಳಿಗೆ ಮಾತ್ರ. ಕಬ್ಬಿಣದ ಕೊರತೆ ಇರುವವರಲ್ಲಿ ಸರಿಹೊಂದುವುದಿಲ್ಲ.

ಇದೇ ರೋಗಿಯ ಹಿಂದಿನ ರಿಪೋರ್ಟ್ ಏನಿತ್ತು? ಇದನ್ನು ಡೆಲ್ಟಾ ಚೆಕ್ ಅನ್ನುತ್ತಾರೆ. ನಿನ್ನೆ ಹಿಮೋಗ್ಲೋಬಿನ್ 7, ಇವತ್ತು 13. ರಕ್ತ ಕೊಟ್ಟಿಲ್ಲ. ಎಂಸಿವಿ, ಅಂದರೆ ಕಣದ ಸರಾಸರಿ ಗಾತ್ರವೂ, ಒಂದೇ ದಿನದಲ್ಲಿ 65ರಿಂದ 90ಕ್ಕೆ ಹೋಗಿದೆ. ಹಾಗಾಗುವುದು ಸಾಧ್ಯವೇ ಇಲ್ಲ. ಎರಡರಲ್ಲಿ ಒಂದು ಟ್ಯೂಬ್ ಬೇರೆಯವರದು.

ಪ್ಲೇಟ್‌ಲೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಳೆಗಾಲದಲ್ಲಿ ಡೆಂಗಿ ಶುರುವಾದರೆ ಇಡೀ ಊರು ಪ್ಲೇಟ್‌ಲೆಟ್ ಸಂಖ್ಯೆ ಹಿಡಿದುಕೊಂಡು ಓಡಾಡುತ್ತದೆ. 1.5 ಲಕ್ಷದಿಂದ 4 ಅಥವಾ 4.5 ಲಕ್ಷ ಸಾಮಾನ್ಯ. ಮೆಷಿನ್ 40,000 ತೋರಿಸಿದ ತಕ್ಷಣ ರಿಪೋರ್ಟ್ ಬಿಡಬೇಡಿ. ಟ್ಯೂಬಿನಲ್ಲಿ ಹೆಪ್ಪಿದೆಯಾ ನೋಡಿ, ಆಮೇಲೆ ಸ್ಮಿಯರ್ ಮಾಡಿ. ಲೀಷ್‌ಮನ್ ಸ್ಟೇನ್ ಹಾಕಿ, ಆಯಿಲ್ ಲೆನ್ಸ್‌ನಲ್ಲಿ ಹತ್ತು ಫೀಲ್ಡ್ ಎಣಿಸಿ. ಸರಾಸರಿಯನ್ನು 15,000ದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಕೆಲವರು 20,000 ಬಳಸುತ್ತಾರೆ, ನಿಮ್ಮ ಲ್ಯಾಬಿನ ಪದ್ಧತಿ ನೋಡಿ. ಸ್ಮಿಯರ್‌ನ ಬಾಲದ ಅಂಚಿನಲ್ಲಿ ಗುಂಪು ಗುಂಪಾಗಿ ಪ್ಲೇಟ್‌ಲೆಟ್ ಕಂಡರೆ ಮೆಷಿನ್ ಎಣಿಕೆ ಸುಳ್ಳು. ಕೆಲವರ ರಕ್ತದಲ್ಲಿ ಇಡಿಟಿಎ ಸೋಕಿದರೇ ಪ್ಲೇಟ್‌ಲೆಟ್ ಅಂಟಿಕೊಳ್ಳುತ್ತವೆ. ರೋಗ ಏನೂ ಇರುವುದಿಲ್ಲ. ಅಂಥವರಿಗೆ ನೀಲಿ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಎಣಿಕೆಯನ್ನು 1.1ರಿಂದ ಗುಣಿಸಿ. ಸಿಟ್ರೇಟ್ ದ್ರವದಿಂದ ತೆಳುವಾದದ್ದಕ್ಕೆ ಆ ಲೆಕ್ಕ. ಹತ್ತು ನಿಮಿಷದ ಈ ಕೆಲಸ ಒಂದು ಮನೆಯವರು ಪ್ಲೇಟ್‌ಲೆಟ್ ಚೀಲಕ್ಕಾಗಿ ಊರೆಲ್ಲ ಅಲೆಯುವುದನ್ನು ತಪ್ಪಿಸುತ್ತದೆ.

ಡೆಂಗಿ ಕಾರ್ಡ್ ಟೆಸ್ಟ್ ಬಗ್ಗೆಯೂ ಒಂದು ಮಾತು. ಎನ್‌ಎಸ್‌1, ಅಂದರೆ ವೈರಸ್ಸಿನ ಪ್ರೋಟೀನ್, ಸಿಗುವುದು ಜ್ವರದ ಮೊದಲ ನಾಲ್ಕೈದು ದಿನ. ಐಜಿಎಂ, ಅಂದರೆ ದೇಹ ತಯಾರಿಸುವ ಪ್ರತಿಕಾಯ, ಆಮೇಲೆ ಬರುತ್ತದೆ. ಎರಡನೇ ದಿನ ಐಜಿಎಂ ನೆಗೆಟಿವ್ ಬಂದರೆ ಡೆಂಗಿ ಇಲ್ಲ ಎಂದಲ್ಲ. ಫಾರ್ಮ್‌ನಲ್ಲಿ ಜ್ವರ ಎಷ್ಟನೇ ದಿನ ಎಂದು ಬರೆದಿಲ್ಲದಿದ್ದರೆ ಕೇಳಿ.

ಪೊಟ್ಯಾಸಿಯಂ 7 ಬಂದರೆ ಮೊದಲು ಸೀರಂ ಬಣ್ಣ ನೋಡಿ. ಗುಲಾಬಿ ಅಥವಾ ಕೆಂಪಾಗಿದ್ದರೆ ಹೀಮೊಲೈಸಿಸ್, ಅಂದರೆ ಕೆಂಪು ಕಣ ಒಡೆದಿದೆ. ಪೊಟ್ಯಾಸಿಯಂ, ಜೊತೆಗೆ ಎಲ್‌ಡಿಎಚ್, ಎಎಸ್‌ಟಿ ಎಂಬ ಕಿಣ್ವಗಳು, ಮೂರೂ ಸುಳ್ಳೇ ಏರಿರುತ್ತವೆ. ಹೊಸ ಸ್ಯಾಂಪಲ್ ಕೇಳಿ.

ಹಂತ 7: ಫೋನ್ ಮಾಡಲೇಬೇಕಾದ ರಿಪೋರ್ಟ್‌ಗಳು

ಕೆಲವು ಸಂಖ್ಯೆಗಳು ಪ್ರಿಂಟ್ ಆಗಿ ವಾರ್ಡ್ ತಲುಪುವವರೆಗೆ ಕಾಯುವಂತಿಲ್ಲ. ಇವನ್ನು ಕ್ರಿಟಿಕಲ್ ವ್ಯಾಲ್ಯೂ ಅನ್ನುತ್ತಾರೆ. ಸಕ್ಕರೆ 40ಕ್ಕಿಂತ ಕಡಿಮೆ, ಪೊಟ್ಯಾಸಿಯಂ 2.5ಕ್ಕಿಂತ ಕಡಿಮೆ ಅಥವಾ 6.5ಕ್ಕಿಂತ ಹೆಚ್ಚು, ಪ್ಲೇಟ್‌ಲೆಟ್ 20,000ಕ್ಕಿಂತ ಕಡಿಮೆ, ಬ್ಲಡ್ ಕಲ್ಚರ್ ಪಾಸಿಟಿವ್, ಇಂಥವು. ಆಸ್ಪತ್ರೆಯಿಂದ ಆಸ್ಪತ್ರೆಗೆ ಪಟ್ಟಿ ಸ್ವಲ್ಪ ಬೇರೆ. ನಿಮ್ಮ ಲ್ಯಾಬಿನ ಪಟ್ಟಿಯನ್ನು ಮೊದಲ ದಿನವೇ ಬರೆದುಕೊಳ್ಳಿ.

ಫೋನ್ ಎತ್ತಿದವರಿಗೆ ಹೇಳಿ, ಅವರಿಂದ ಮತ್ತೆ ಓದಿಸಿ ಕೇಳಿ. "ಎರಡು ಪಾಯಿಂಟ್ ಮೂರು" "ಮೂರು ಪಾಯಿಂಟ್ ಎರಡು" ಆಗುವುದು ಸುಲಭ. ಯಾರು, ಎಷ್ಟು ಗಂಟೆಗೆ ಎಂದು ಬರೆಯಿರಿ.

ಎಚ್‌ಐವಿ ಫಲಿತಾಂಶ ಮಾತ್ರ ಇದಕ್ಕೆ ಹೊರತು. ಅದನ್ನು ಫೋನಿನಲ್ಲಿ ಹೇಳಬೇಡಿ, ಟ್ಯೂಬ್ ಮೇಲೆ ಬರೆಯಬೇಡಿ, ಕಾರಿಡಾರಿನಲ್ಲಿ ಮಾತಾಡಬೇಡಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಪರೀಕ್ಷೆಗೆ ಒಪ್ಪಿಗೆ ಬೇಕು, ಫಲಿತಾಂಶ ಗೌಪ್ಯ. ಒಂದು ಕಾರ್ಡ್ ಟೆಸ್ಟ್‌ನಲ್ಲಿ ಗೆರೆ ಬಂದ ಮಾತ್ರಕ್ಕೆ ಎಚ್‌ಐವಿ ಇದೆ ಅಂತಲೂ ಅಲ್ಲ. ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತ ಮಾಡಬೇಕು.

ಇನ್ನು ಸಹಿ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಲ್ಯಾಬ್ ರಿಪೋರ್ಟ್‌ಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ನೋಂದಾಯಿತ ವೈದ್ಯರ ಸಹಿ ಬೇಕು ಎಂದಿತು. ಆಮೇಲೆ ನಿಯಮಗಳಲ್ಲಿ ಕೆಲವು ತಿದ್ದುಪಡಿ ಬಂದಿವೆ. ಏನೇ ಇರಲಿ, ಡಾಕ್ಟರ್ ಖಾಲಿ ಲೆಟರ್‌ಹೆಡ್‌ಗೆ ಸಹಿ ಹಾಕಿಟ್ಟು ಹೋಗಿ, ನೀವು ಅದರಲ್ಲಿ ಪ್ರಿಂಟ್ ತೆಗೆಯುವ ಕಡೆ ಕೆಲಸಕ್ಕೆ ಸೇರಬೇಡಿ. ನಾಳೆ ಕೇಸ್ ಆದರೆ ನಿಮ್ಮ ಹೆಸರೂ ಬರುತ್ತದೆ.

ಹಂತ 8: ರಕ್ತದ ಗುಂಪು, ಕ್ರಾಸ್ ಮ್ಯಾಚ್

ಬೇರೆ ಪರೀಕ್ಷೆ ತಪ್ಪಿದರೆ ತಿದ್ದಿಕೊಳ್ಳಲು ಸಮಯ ಇರುತ್ತದೆ. ಇಲ್ಲಿ ಇರುವುದಿಲ್ಲ. ತಪ್ಪು ಗುಂಪಿನ ರಕ್ತ ಹೋದರೆ ಜೀವ ಹೋಗಬಹುದು.

ಗುಂಪು ನೋಡಲು ರಕ್ತಕ್ಕೆ ಬೆರೆಸುವ ದ್ರವಗಳಲ್ಲಿ ಆಂಟಿ ಎ ನೀಲಿ, ಆಂಟಿ ಬಿ ಹಳದಿ, ಆಂಟಿ ಡಿ ಬಣ್ಣವಿಲ್ಲದ್ದು. ಬಣ್ಣ ನೋಡಿ ನಂಬಬೇಡಿ, ಸೀಸೆ ಮೇಲಿನ ಹೆಸರು ಓದಿ. ಸ್ಲೈಡ್ ಮೇಲಷ್ಟೇ ನೋಡಿ ಮುಗಿಸದೆ ಟ್ಯೂಬ್ ಅಥವಾ ಜೆಲ್ ಕಾರ್ಡ್‌ನಲ್ಲಿ ಮಾಡಿ. ಕಣಗಳ ಕಡೆಯಿಂದ ನೋಡುವುದು ಫಾರ್ವರ್ಡ್, ಸೀರಂ ಕಡೆಯಿಂದ ನೋಡುವುದು ರಿವರ್ಸ್. ಎರಡೂ ಒಪ್ಪಬೇಕು. ನವಜಾತ ಶಿಶುಗಳಲ್ಲಿ ಮಾತ್ರ ರಿವರ್ಸ್‌ಗೆ ಅರ್ಥವಿಲ್ಲ, ಅವಕ್ಕಿನ್ನೂ ಸ್ವಂತ ಪ್ರತಿಕಾಯ ಬಂದಿರುವುದಿಲ್ಲ.

ರಿವರ್ಸ್‌ನಲ್ಲಿ ಓ ಕಣಗಳನ್ನೂ ಇಡಿ. ಬಾಂಬೆ ಗುಂಪಿನವರು ಫಾರ್ವರ್ಡ್‌ನಲ್ಲಿ ಓ ಎಂದೇ ಕಾಣುತ್ತಾರೆ. ಅವರ ಸೀರಂ ಓ ಕಣಗಳ ಜೊತೆಗೂ ಜೋರಾಗಿ ಗಟ್ಟಿಕಟ್ಟುತ್ತದೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಮೊದಲು ಗುರುತಿಸಿದ ಗುಂಪಿದು. ಅಪರೂಪ, ಆದರೆ ನಮ್ಮ ದೇಶದಲ್ಲಿ ಬೇರೆ ಕಡೆಗಿಂತ ಜಾಸ್ತಿ ಸಿಗುತ್ತದೆ. ಅವರಿಗೆ ಸಾಮಾನ್ಯ ಓ ರಕ್ತ ಕೊಡುವಂತಿಲ್ಲ.

ಕ್ರಾಸ್ ಮ್ಯಾಚ್ ಅಂದರೆ ಕೊಡುವ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯಾ ಎಂದು ಮೊದಲೇ ನೋಡುವುದು. ಅದಕ್ಕೆ ಬಂದ ಸ್ಯಾಂಪಲ್‌ನ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ ಇದ್ದರೂ ಹೊಸದು ಕೇಳಿ. ಇಲ್ಲಿ ರಾಜಿ ಬೇಡ.

ಹಂತ 9: ನಿಮ್ಮ ಮೈ ಕಾಯ್ದುಕೊಳ್ಳುವುದು

ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಹೆಚ್ಚಿನವರಿಗೆ ಚುಚ್ಚಿಕೊಳ್ಳುವುದು ಆಗಲೇ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಒತ್ತಿ ರಕ್ತ ಹಿಂಡಬೇಡಿ, ಸ್ಪಿರಿಟ್ ಸುರಿಯಬೇಡಿ, ಬೆರಳು ಬಾಯಿಗಿಟ್ಟುಕೊಳ್ಳಬೇಡಿ. ತಕ್ಷಣ ಕ್ಯಾಶುವಾಲ್ಟಿಗೆ ಹೋಗಿ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ಕೊನೆಯ ಗಡುವು. 28 ದಿನ ತಗೊಳ್ಳಬೇಕು. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೂ ತಗುಲುವ ಸಾಧ್ಯತೆ ಶೇಕಡಾ 0.3ರಷ್ಟು. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಅಂಟುತ್ತದೆ. ಲಸಿಕೆ ಅಂತ ಮೊದಲೇ ಒತ್ತಿ ಹೇಳಿದ್ದು ಇದಕ್ಕೇ. "ಬೈತಾರೆ" ಅಂತ ಹೆದರಿ ಮುಚ್ಚಿಡುವವರೇ ಕೊನೆಗೆ ಕಷ್ಟಪಡುವುದು.

ಕಸ ಹಾಕುವುದಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿವೆ. ಸೂಜಿ, ಬ್ಲೇಡ್ ಬಿಳಿ ಡಬ್ಬಿಗೆ. ಪ್ಲಾಸ್ಟಿಕ್ ಟ್ಯೂಬ್, ಸೂಜಿ ತೆಗೆದ ಸಿರಿಂಜ್, ಗ್ಲೌಸ್ ಕೆಂಪಿಗೆ. ಗಾಜು ನೀಲಿಗೆ. ರಕ್ತ ಹತ್ತಿದ ಹತ್ತಿ ಹಳದಿಗೆ. ಕಲ್ಚರ್ ಪ್ಲೇಟ್‌ಗಳೂ ಹಳದಿಗೇ, ಆದರೆ ಮೊದಲು ಲ್ಯಾಬಿನಲ್ಲೇ ರೋಗಾಣು ಸಾಯಿಸಿ ಆಮೇಲೆ. ರಕ್ತ ಚೆಲ್ಲಿದರೆ ಒರೆಸಲು ಓಡಬೇಡಿ. ಹತ್ತಿ ಅಥವಾ ಪೇಪರ್ ಮುಚ್ಚಿ, ಅವತ್ತೇ ತಯಾರಿಸಿದ ಹೈಪೋಕ್ಲೋರೈಟ್ ಸುರಿದು, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

ಸ್ಯಾಂಪಲ್ ಫ್ರಿಜ್‌ನಲ್ಲಿ ಊಟದ ಡಬ್ಬಿ ಇಡಬೇಡಿ. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಬೇಡಿ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಮಲೆನಾಡಿನಲ್ಲಿ ಕೆಲಸ ಮಾಡುವವರು ಇನ್ನೂ ಹುಷಾರಾಗಿರಬೇಕು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಲ್ಯಾಬ್ ಕೆಲಸಗಾರರಿಗೂ ಅದು ತಗುಲಿದ್ದಿದೆ. ಅನುಮಾನ ಇರುವ ಸ್ಯಾಂಪಲ್ ಅನ್ನು ಮೂರು ಪದರದ ಪ್ಯಾಕಿಂಗ್ ಮಾಡಿ, ಗೊತ್ತುಪಡಿಸಿದ ಲ್ಯಾಬಿಗೆ ಕಳಿಸಿ. ನೀವೇ ಏನೂ ಪ್ರಯೋಗ ಮಾಡಬೇಡಿ.

ಹಂತ 10: ರಾತ್ರಿ ಪಾಳಿ

ರಾತ್ರಿ ನೀವೊಬ್ಬರೇ. ಹಾಗಾಗಿ ಸಂಜೆಯವರು ಹೋಗುವ ಮುಂಚೆ ನಿಂತು ಕೇಳಿ: ಯಾವ ಮೆಷಿನ್ ತೊಂದರೆ ಕೊಡುತ್ತಿದೆ, ಯಾವ ರೀಏಜೆಂಟ್ ಮುಗಿಯುತ್ತಾ ಬಂದಿದೆ, ಯಾರ ಸ್ಯಾಂಪಲ್ ಬಾಕಿ, ಯಾವ ಕ್ರಿಟಿಕಲ್ ಇನ್ನೂ ತಿಳಿಸಿಲ್ಲ. ಬಾಯಿಮಾತಿನ ಜೊತೆ ಬರೆದದ್ದೂ ಇರಲಿ. ಮೆಷಿನ್ ಇಂಜಿನಿಯರ್, ಪೆಥಾಲಜಿಸ್ಟ್, ರಕ್ತನಿಧಿ, ಮೂರು ನಂಬರ್ ಗೋಡೆಗೆ ಅಂಟಿಸಿರಿ. ಮೆಷಿನ್ ಕೆಟ್ಟರೆ ವಾರ್ಡುಗಳಿಗೆ ಮೊದಲೇ ಹೇಳಿಬಿಡಿ. ಸುಮ್ಮನಿದ್ದು ಎರಡು ಗಂಟೆ ಆದ ಮೇಲೆ ಹೇಳಿದರೆ ಜಗಳ ಖಂಡಿತ.

ಮುಂದಿನ ದಾರಿಗೆ ಈಗಲೇ ಎತ್ತಿಡಬೇಕಾದದ್ದು

ಸರ್ಕಾರಿ ಹುದ್ದೆಗಳು ಯಾವಾಗಲೋ ಒಮ್ಮೆ ಕರೆಯುತ್ತಾರೆ. ನಡುವೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳು ಜಿಲ್ಲಾ ಮಟ್ಟದಲ್ಲಿ ಬರುತ್ತಿರುತ್ತವೆ. ಪ್ರಕಟಣೆಯಲ್ಲಿ ಕೇಳಿದ ವಿದ್ಯಾರ್ಹತೆಯ ಸಾಲನ್ನು ಅಕ್ಷರ ಬಿಡದೆ ಓದಿ. ಡಿಪ್ಲೊಮಾ ಸಾಕಾ, ಬೋರ್ಡ್ ನೋಂದಣಿ ಬೇಕಾ, ಅಲ್ಲೇ ಇರುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೋಗಬೇಕು ಅಂತ ಕೇಳುವವರು ಬಹಳ. ಅಲ್ಲಿನ ದೇಶಗಳು ಲೈಸೆನ್ಸ್ ಪರೀಕ್ಷೆ ಇಡುತ್ತವೆ. ಜೊತೆಗೆ ಡೇಟಾಫ್ಲೋ ಎಂಬ ಪರಿಶೀಲನೆ ಇದೆ. ನಿಮ್ಮ ಕಾಲೇಜಿಗೆ, ಹಿಂದೆ ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು ಸರ್ಟಿಫಿಕೇಟ್ ನಿಜವೇ ಎಂದು ಕೇಳುತ್ತಾರೆ. ಸುಳ್ಳು ಅನುಭವ ಪತ್ರ ಸಿಕ್ಕಿಬಿದ್ದರೆ ಆ ಬಾಗಿಲು ಮುಚ್ಚಿದ ಹಾಗೇ.

ಕೆಲಸ ಬಿಡುವ ದಿನವೇ ಅನುಭವ ಪತ್ರ ಕೇಳಿ ಪಡೆಯಿರಿ. ಸೇರಿದ ತಾರೀಕು, ಬಿಟ್ಟ ತಾರೀಕು, ಹುದ್ದೆಯ ಹೆಸರು, ಕೆಲಸ ಮಾಡಿದ ವಿಭಾಗಗಳು, ಸಹಿ ಮಾಡಿದವರ ಹೆಸರು ಮತ್ತು ಸೀಲು ಇರಲಿ. ಪಗಾರದ ಚೀಟಿಗಳನ್ನೂ ಜೊತೆಗಿಡಿ. ಐದು ವರ್ಷ ಬಿಟ್ಟು ಹೋಗಿ ಕೇಳಿದರೆ ಆಡಳಿತ ಬದಲಾಗಿರುತ್ತದೆ, ನಿಮ್ಮನ್ನು ಕಂಡವರೇ ಅಲ್ಲಿರುವುದಿಲ್ಲ.